ನರದ ತುಣುಕೊಂದರ ಚರಿತ್ರೆ

ಗೋರ್ಟಾ (ಬಿ) ಎಂದರೆ ಚರಿತ್ರೆ ಓದಿದವರಿಗೆ ನೆನಪಾಗುವುದು 1948ರ ಮೇ ತಿಂಗಳು, ರಜಾಕಾರರು ಅಲ್ಲಿ ನಡೆಸಿದ ಹತ್ಯಾಕಾಂಡ. ಅದು ನನ್ನ ತಾಯಿಯ ತವರೂರು. ಆದರೆ ನಾನಿಲ್ಲಿ ಬರೆಯುತ್ತಿರುವುದು ಆ ಚರಿತ್ರೆಯನ್ನಲ್ಲ. ಆ ಊರಿನ ನನ್ನ ಸೋದರಮಾವನ ಕಾಲಿನಿಂದ ವೈದ್ಯರು ತೆಗೆದ ನರದ ಒಂದು ತುಣುಕು ನನ್ನನ್ನು ಇನ್ನೊಂದು ಚರಿತ್ರೆಯತ್ತ ಎಳೆದೊಯ್ದಿತು.

ಮಾವ ತೊಗರಿ ಬೆಳೆಯುವ ರೈತ. ಹೊಲದ ಬದುವಿನಲ್ಲಿ ನಡೆಯುವಾಗ ಎಡಗಾಲಿನ ಚಪ್ಪಲಿ ಜಾರಿ ಹಿಂದೆ ಉಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಎಡಗೈಯ ಕಿರುಬೆರಳು ಮಡಚತೊಡಗಿತ್ತು. ಆಸ್ಪತ್ರೆಯಲ್ಲಿ ವೈದ್ಯರು ಮೊಣಕೈಯ ಹಿಂದೆ ಬೆರಳಾಡಿಸಿ, ಅಲ್ಲಿನ ನರ ಹಗ್ಗದಂತೆ ದಪ್ಪವಾಗಿದೆ ಎಂದರು. ಚರ್ಮದ ಮೇಲೆ ಒಂದು ಮಚ್ಚೆಯೂ ಇರಲಿಲ್ಲ. ಚರ್ಮದ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ನರದ ಬಯಾಪ್ಸಿ ಆಗಬೇಕೆಂದರು. ಹೊರಗೆ ಬಂದ ಮೇಲೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: “ಮೈಮ್ಯಾಲ ಒಂದ್ ಕಲಿ ಇಲ್ಲ. ದೊಡ್ಡ ರೋಗ ಅಂತ ಹ್ಯಾಂಗ ಅಂತಾರ? ಮಗಳ ಲಗ್ನ ಇನ್ನೂ ಆಗಬೇಕಾಗ್ಯದ.”

ಅತ್ತೆಯ ಪ್ರಶ್ನೆ ಸಣ್ಣದಲ್ಲ. ಕುಷ್ಠವನ್ನು ಶತಮಾನಗಳ ಕಾಲ ಗುರುತಿಸಿದ್ದು ಕಣ್ಣಿನಿಂದ, ಚರ್ಮ ನೋಡಿ. ಬರೀ ಬಣ್ಣ ಕಳೆದುಕೊಂಡ, ಸ್ಪರ್ಶಜ್ಞಾನ ಕುಂದದ, ಯಾರಿಗೂ ಅಂಟದ ತೊನ್ನನ್ನೂ ಜನ ಇದರ ಲೆಕ್ಕಕ್ಕೇ ಸೇರಿಸಿದರು. ಕಾನೂನಿನ ಕಣ್ಣೂ ಬೇರೆಯಾಗಿರಲಿಲ್ಲ. ಬ್ರಿಟಿಷ್ ಇಂಡಿಯಾದ 1898ರ ಕುಷ್ಠರೋಗಿಗಳ ಕಾಯ್ದೆ ಮೊದಲಿಗೆ ಕುಷ್ಠರೋಗಿ ಎಂದು ಕರೆದದ್ದು ಹುಣ್ಣಾಗತೊಡಗಿದವರನ್ನು. ಹಾಗೆ ಕಂಡ ನಿರ್ಗತಿಕರನ್ನು ಹಿಡಿದು ಆಶ್ರಮದಲ್ಲಿಡುವ ಅಧಿಕಾರ ಕೊಟ್ಟಿತು. ಬೀದರ್ ಸೀಮೆ ಆಗ ನಿಜಾಮನ ಆಳ್ವಿಕೆಯಲ್ಲಿತ್ತು. ಅದೇ ಸಂಸ್ಥಾನದ ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಇಸಾಬೆಲ್ ಕೆರ್ ಎಂಬ ಮಿಷನರಿ ವೈದ್ಯೆ 1915ರ ಸುಮಾರಿಗೆ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದರು. ಆ ಕಾಲದಲ್ಲಿ ಇದ್ದ ಮುಖ್ಯ ಔಷಧವೆಂದರೆ ಚಾಲ್‌ಮೂಗ್ರ ಜಾತಿಯ ಬೀಜದ ಎಣ್ಣೆ.

ರೋಗ ಚರ್ಮದಲ್ಲಷ್ಟೇ ಇಲ್ಲ ಎಂಬುದು ಅಷ್ಟರಲ್ಲಾಗಲೇ ತಿಳಿದಿತ್ತು. ನಾರ್ವೆಯ ಡೇನಿಯಲ್ಸನ್ ಮತ್ತು ಬೋಕ್ 1847ರಲ್ಲೇ ಗಂಟುಗಳ ಕುಷ್ಠವನ್ನೂ ಸ್ಪರ್ಶ ಹೋಗುವ ಕುಷ್ಠವನ್ನೂ ಬೇರ್ಪಡಿಸಿ ವಿವರಿಸಿದ್ದರು. 1873ರಲ್ಲಿ ಬರ್ಗೆನ್ ನಗರದ ಹ್ಯಾನ್ಸೆನ್ ರೋಗಾಣುವನ್ನು ಕಂಡ. ಆದರೆ ಅದು ಅಂಟುತ್ತದೆಂದು ಸಾಬೀತುಮಾಡುವ ಹಟದಲ್ಲಿ ರೋಗಿಯೊಬ್ಬಳ ಒಪ್ಪಿಗೆ ಕೇಳದೆ ಅವಳ ಕಣ್ಣಿಗೆ ರೋಗದ ಅಂಶವನ್ನು ಸೇರಿಸಲು ಯತ್ನಿಸಿದ. 1880ರಲ್ಲಿ ನ್ಯಾಯಾಲಯ ಅವನನ್ನು ಆಸ್ಪತ್ರೆಯ ಹುದ್ದೆಯಿಂದ ಇಳಿಸಿತು. ವೈದ್ಯವಿಜ್ಞಾನ ತನ್ನ ತಿಳಿವಿಗೆ ರೋಗಿಯ ಮೈಯಿಂದ ಬೆಲೆ ತೆತ್ತಾಗ ಕೇಳಬೇಕಾದ ಪ್ರಶ್ನೆಯೊಂದನ್ನು ಆ ಮೊಕದ್ದಮೆ ಎತ್ತಿತ್ತು.

ಅದೇ ಕಾಲದಲ್ಲಿ ಪ್ಯಾರಿಸ್ಸಿನ ರಾನ್ವಿಯೇ ನರದ ಎಳೆಗಳನ್ನು ಆಸ್ಮಿಕ್ ಆಮ್ಲದಲ್ಲಿ ಅದ್ದಿ, ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ. ಎಳೆಯ ಸುತ್ತಲಿನ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಆಗ ಕಪ್ಪಾಗಿ ಕಾಣುತ್ತದೆ. ಹೊದಿಕೆ ಎಲ್ಲಿ ಕಳಚಿದೆ, ಒಳಗಿನ ಎಳೆಯೇ ಎಲ್ಲಿ ಸತ್ತಿದೆ ಎಂದು ಓದಲು ಇಂದಿಗೂ ಇದೇ ಉಪಾಯವಿದೆ. ಬದುಕಿರುವ ರೋಗಿಯ ನರವನ್ನು ಹೀಗೆ ವ್ಯವಸ್ಥಿತವಾಗಿ ಓದುವುದು ನೆಲೆಯೂರಿದ್ದು ಬಹುಮಟ್ಟಿಗೆ 1960ರ ದಶಕದ ನಂತರ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಪೀಟರ್ ಡಿಕ್ ಅವರ ಕೆಲಸ ಅದರಲ್ಲಿ ದೊಡ್ಡದು. ನಮ್ಮಲ್ಲಿ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಇಂಥ ತುಣುಕುಗಳನ್ನು ಓದುವ ಮುಖ್ಯ ಕೇಂದ್ರಗಳಲ್ಲೊಂದು.

ಸಾಮಾನ್ಯವಾಗಿ ತುಣುಕು ತೆಗೆಯುವುದು ಕಾಲಿನ ಹೊರ ಹರಡಿನ ಹಿಂದೆ ಹಾಯುವ ಸ್ಯೂರಲ್ ನರದಿಂದ. ಅದು ಸ್ಪರ್ಶ ತಿಳಿಸುವ ನರ, ಸ್ನಾಯುಗಳನ್ನು ಆಡಿಸುವುದಲ್ಲ. ಆದ್ದರಿಂದ ನಡಿಗೆ ಕೆಡುವುದಿಲ್ಲ. ಜಾಗವನ್ನಷ್ಟೇ ಮರಗಟ್ಟಿಸಿ ಮೂರ್ನಾಲ್ಕು ಸೆಂಟಿಮೀಟರ್ ಕತ್ತರಿಸುತ್ತಾರೆ. ಅದರ ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಮೈಲಿನ್ ನೋಡುವುದಕ್ಕೆ. ಆದರೆ ಪಾದದ ಹೊರ ಅಂಚಿನ ಸ್ಪರ್ಶ ಮರಳದೆ ಹೋಗಬಹುದು, ಕೆಲವರಿಗೆ ನೋವೂ ಉಳಿಯುತ್ತದೆ. ಹಾಗಾಗಿ ಮಧುಮೇಹದ ಜೋಮಿಗೆಲ್ಲ ಇದು ಬೇಕಿಲ್ಲ. ಬೇರೆ ಪರೀಕ್ಷೆಗಳು ಉತ್ತರ ಕೊಡದಿದ್ದಾಗ, ಉತ್ತರದಿಂದ ಔಷಧವೇ ಬದಲಾಗುವಂತಿದ್ದಾಗ ಮಾತ್ರ ಈ ಪರೀಕ್ಷೆ.

ಮಾವನ ವಿಷಯದಲ್ಲಿ ಹಾಗೇ ಇತ್ತು. ನರದ ರಕ್ತನಾಳಗಳ ಉರಿಯೂತವಾಗಿದ್ದರೆ ಸ್ಟಿರಾಯ್ಡ್ ಬೇಕು. ನರದೊಳಗೆ ಅಡಗಿದ ಕುಷ್ಠವಾಗಿದ್ದರೆ, ಅಣುವನ್ನು ಕೊಲ್ಲುವ ಮಾತ್ರೆಯಿಲ್ಲದೆ ಬರೀ ಸ್ಟಿರಾಯ್ಡ್ ಕೊಡುವುದು ಅಪಾಯ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. “ತೆಗೆದ ಜಾಗ ಮತ್ತ ಜೋಮೇ ಉಳೀತದೇನು?” ಎಂದು ಕೇಳಿದ. ಉಳಿಯಬಹುದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಸಹಿ ಹಾಕಿದ. ಹ್ಯಾನ್ಸೆನ್‌ನ ರೋಗಿಗೆ ಸಿಗದಿದ್ದದ್ದು ಆ ಸ್ವಲ್ಪ ಹೊತ್ತು.

ವಿಶೇಷ ಬಣ್ಣ ಹಾಕಿದ ಗಾಜಿನ ಮೇಲೆ, ನೀಲಿಯ ನಡುವೆ ಕೆಂಪು ಕಡ್ಡಿಗಳಂತೆ ರೋಗಾಣುಗಳು ಕಂಡವು. ಮೂರು ಔಷಧಗಳ ಚಿಕಿತ್ಸೆ ಹನ್ನೆರಡು ತಿಂಗಳು, ಸರ್ಕಾರದಿಂದ ಉಚಿತ. 1980ರ ದಶಕದಲ್ಲಿ ಬಂದ ಈ ಚಿಕಿತ್ಸೆಯಿಂದ ರೋಗ ವಾಸಿಯಾಗುತ್ತದೆ, ಶುರುಮಾಡಿದ ಕೆಲವೇ ದಿನಗಳಲ್ಲಿ ಅಂಟುವುದೂ ನಿಲ್ಲುತ್ತದೆ. ಕಾನೂನು ಬದಲಾದದ್ದು ನಿಧಾನವಾಗಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಲಮುಗಳು ನಮ್ಮ ವೈಯಕ್ತಿಕ ಕಾನೂನುಗಳಿಂದ ಹೋದದ್ದು 2019ರಲ್ಲಿ.

ಮಾವನ ಮಾತ್ರೆಗಳು ಮುಗಿದಿವೆ. ಕಿರುಬೆರಳು ಪೂರ್ತಿ ನೆಟ್ಟಗಾಗಿಲ್ಲ, ಪಾದದ ಅಂಚು ಜೋಮಾಗಿಯೇ ಇದೆ. ಈಗ ಹಿಂಬದಿ ಪಟ್ಟಿಯಿರುವ ಚಪ್ಪಲಿ ಹಾಕುತ್ತಾನೆ, ರಾತ್ರಿ ಮಲಗುವ ಮುನ್ನ ದೀಪದ ಕೆಳಗೆ ಪಾದ ತಿರುವಿ ಗಾಯವಾಗಿದೆಯೇ ನೋಡಿಕೊಳ್ಳುತ್ತಾನೆ. ಊರಲ್ಲಿ ಅತ್ತೆ ಇನ್ನೂ “ನರದ ಬ್ಯಾನಿ” ಎಂದಷ್ಟೇ ಹೇಳುತ್ತಾಳೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಹೆಸರನ್ನು ಹೆದರದೆ ಹೇಳುವ ದಿನ ಆ ಮನೆಗೆ ಇನ್ನೂ ಬಂದಿಲ್ಲ.