ಮೂವತ್ತೊಂಬತ್ತು ಅಂಕಿಗಳ ಒಂದು ಅವಿಭಾಜ್ಯ ಸಂಖ್ಯೆ

1876ರಲ್ಲಿ ಫ್ರಾನ್ಸಿನ ಅಧ್ಯಾಪಕ ಎಡ್ವಾರ್ ಲ್ಯೂಕಾ 170141183460469231731687303715884105727 ಎಂಬ ಸಂಖ್ಯೆಯನ್ನು ಅವಿಭಾಜ್ಯವೆಂದು ಸಾರಿದನು. ಎರಡರ 127ನೆಯ ಘಾತದಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆಯಿದು. 1644ರಲ್ಲಿ ಕ್ರೈಸ್ತ ಸನ್ಯಾಸಿ ಮರ್ಸೆನ್ ಪ್ರಕಟಿಸಿದ ಪಟ್ಟಿಯಲ್ಲಿ 127 ಆಗಲೇ ಇದ್ದಿತು. ಆದರೆ ಅದಕ್ಕೆ ಸಾಧನೆಯನ್ನು ಆತನು ಕೊಟ್ಟಿರಲಿಲ್ಲ. 257ರವರೆಗಿನ ಘಾತಗಳಲ್ಲಿ ಹನ್ನೊಂದು ಮಾತ್ರ ಅವಿಭಾಜ್ಯವನ್ನು ಕೊಡುತ್ತವೆಂಬ ಆ ಹೇಳಿಕೆಯು ಎರಡು ಶತಮಾನಗಳಿಗೂ ಮಿಕ್ಕಿ ಕೇವಲ ಹೆಸರಿನ ಬಲದಿಂದ ನಿಂತಿತ್ತು.

ಅದರಲ್ಲಿನ 31ನೆಯ ಘಾತವನ್ನು ಆಯ್ಲರ್ 1772ರಲ್ಲಿ ದೃಢಪಡಿಸಿದ್ದನು. 2147483647ಕ್ಕೆ ಅವಿಭಾಜ್ಯ ಭಾಜಕವೊಂದಿದ್ದರೆ ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯಲೇಬೇಕು. ಹೀಗಾಗಿ 46340ರವರೆಗಿನ ಸುಮಾರು 4800 ಅವಿಭಾಜ್ಯಗಳ ಬದಲು ನೂರರೊಳಗಿನ ಕೆಲವನ್ನು ಪರೀಕ್ಷಿಸಿದರೆ ಸಾಕಾಯಿತು. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಹುಡುಕುವ ಗೋಜಿಗೆ ಇನ್ನು ಯಾರೂ ಹೋಗಲಾರರೆಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದನು. ನಿರುಪಯುಕ್ತವಾದುದರ ಮೇಲೆ ಮನುಷ್ಯನಿಗಿರುವ ಹಟವನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ!

127ರ ವಿಷಯದಲ್ಲಿ ಆಯ್ಲರನ ದಾರಿ ಸಾಗದು. ಅಲ್ಲಿ ವರ್ಗಮೂಲವೇ ಇಪ್ಪತ್ತು ಅಂಕಿಗಳದು. ಲ್ಯೂಕಾ ಭಾಜಕಗಳನ್ನು ಹುಡುಕುವುದನ್ನೇ ಕೈಬಿಟ್ಟನು. ಅವನ ಕ್ರಮವನ್ನು ಚಿಕ್ಕ ಸಂಖ್ಯೆಯೊಂದರಲ್ಲಿ ನೋಡಬಹುದು. ಎರಡರ ಏಳನೆಯ ಘಾತದಿಂದ ಒಂದನ್ನು ಕಳೆದರೆ 127. ಮೂರರಿಂದ ಆರಂಭಿಸಿ, ಪ್ರತಿ ಸಲವೂ ವರ್ಗಮಾಡಿ, ಎರಡನ್ನು ಕಳೆದು, 127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ 3, 7, 47, 48, 16, 0 ಎಂದಾಗುತ್ತದೆ. ಐದನೆಯ ಹೆಜ್ಜೆಗೆ ಸೊನ್ನೆ ಬಂದುದೇ 127 ಅವಿಭಾಜ್ಯವೆಂಬುದಕ್ಕೆ ಪ್ರಮಾಣ. ದೊಡ್ಡ ಸಂಖ್ಯೆಗೆ ಇಂತಹ 125 ಹೆಜ್ಜೆಗಳು ಬೇಕು. ಎರಡರ ಆಧಾರದಲ್ಲಿ ಬರೆದಾಗ ಆ ಸಂಖ್ಯೆಯು 127 ಒಂದುಗಳ ಸಾಲು; 127ನೆಯ ಸ್ಥಾನವನ್ನು ದಾಟಿದ ಅಂಕಿಯು ಮತ್ತೆ ಮೊದಲ ಸ್ಥಾನಕ್ಕೆ ಮರಳುತ್ತದೆ. ಆದ್ದರಿಂದ ಭಾಗಾಕಾರದ ಕಷ್ಟವೇ ಇಲ್ಲ. ಬದಿಗೆ 127 ಮನೆಗಳಿರುವ ಚದುರಂಗದ ಮಣೆಯಂತಹ ಹಾಸಿನ ಮೇಲೆ ಕಾಯಿಗಳನ್ನು ನಡೆಸಿ ಇದನ್ನು ಮಾಡಬಹುದೆಂದು ಲ್ಯೂಕಾ ವಿವರಿಸಿದನು.

ಇದೇ ಬಗೆಯ ವಿಚಾರದಿಂದ ಮರ್ಸೆನ್ ಪಟ್ಟಿಯಲ್ಲಿದ್ದ 67 ತಪ್ಪೆಂದೂ ತಿಳಿದುಬಂದಿತು. ಸಂಖ್ಯೆಯು ಒಡೆಯುತ್ತದೆಂಬುದು ಖಚಿತ. ಯಾವುದರಿಂದ ಒಡೆಯುತ್ತದೆಂಬುದು ಅಜ್ಞಾತ. ಭಾಜಕವನ್ನು ಕಣ್ಣಿಗೆ ಕಾಣಿಸದೆಯೇ ಸಿದ್ಧವಾದ ಈ ಜ್ಞಾನವು ಲ್ಯೂಕಾನ ನಿಜವಾದ ಕೊಡುಗೆಯೆನ್ನಬೇಕು; ದಾಖಲೆಯ ಅಂಕಿಸಂಖ್ಯೆ ಅದರ ಮುಂದೆ ಗೌಣ. 193707721 ಮತ್ತು 761838257287 ಎಂಬ ಅಪವರ್ತನಗಳನ್ನು ಅಮೆರಿಕದ ಫ್ರ್ಯಾಂಕ್ ನೆಲ್ಸನ್ ಕೋಲ್ ತೋರಿಸಿದ್ದು 1903ರಲ್ಲಿ. ಮರ್ಸೆನ್ ಕೊಟ್ಟ 257 ಸಹ ತಪ್ಪು. 61, 89, 107 ಅವನಿಂದ ಬಿಟ್ಟುಹೋಗಿದ್ದವು.

ಲ್ಯೂಕಾನ ಸಂಖ್ಯೆಯು 75 ವರ್ಷ ಅತಿ ದೊಡ್ಡ ಅವಿಭಾಜ್ಯವಾಗಿ ಉಳಿಯಿತು. 1951ರಲ್ಲಿ ಫೆರಿಯೆ ಮೇಜಿನ ಗಣಕಯಂತ್ರದಿಂದ 44 ಅಂಕಿಗಳದನ್ನು ಕಂಡುಹಿಡಿದನು. ಅದೇ ವರ್ಷ ಕೇಂಬ್ರಿಜ್‌ನ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಮಿಲ್ಲರ್ ಮತ್ತು ವ್ಹೀಲರ್ 79 ಅಂಕಿಗಳದನ್ನು ಪಡೆದರು: ಲ್ಯೂಕಾನ ಸಂಖ್ಯೆಯ ವರ್ಗವನ್ನು 180ರಿಂದ ಗುಣಿಸಿ ಒಂದನ್ನು ಕೂಡಿಸಿದ್ದೇ ಅದು.