ಮತ್ತೆ ಎದ್ದ ಟ್ರೋಲ್‌ಗೆ ಅನುಭವಾಂಕವೆಷ್ಟು? 1974ರ ಒಂದು ಲೆಕ್ಕದ ಮರುಪರಿಶೀಲನೆ

ಗೈಗ್ಯಾಕ್ಸ್ ಮತ್ತು ಆರ್ನೆಸನ್ನರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (1974) ಆಟದ ಮೊದಲ ಪುಸ್ತಿಕೆಯಲ್ಲಿ ಅನುಭವಾಂಕದ ಲೆಕ್ಕವೊಂದನ್ನು ಬಿಡಿಸಿ ತೋರಿಸಿದೆ. ಎಂಟನೆಯ ಹಂತದ ಮಾಂತ್ರಿಕನೊಬ್ಬ ಏಳನೆಯ ಹಂತದ ಟ್ರೋಲ್ ಒಂದನ್ನು ಸೋಲಿಸಿ 7,000 ಚಿನ್ನದ ನಾಣ್ಯ ಗಳಿಸುತ್ತಾನೆ. ಚಿನ್ನಕ್ಕೆ 7,000, ಕೊಂದದ್ದಕ್ಕೆ 700; ಒಟ್ಟು 7,700ರಲ್ಲಿ ಎಂಟನೇ ಏಳು ಪಾಲು, ಅಂದರೆ 6,737.5, ಅವನಿಗೆ ಸಲ್ಲುತ್ತದೆ. ಒಂದೇ ಪ್ರಾಣಿಯನ್ನು ಮತ್ತೆ ಮತ್ತೆ ಕೊಂದು ಅಂಕ ಗುಡ್ಡೆಹಾಕುವುದನ್ನು ತಡೆಯಲೆಂದೇ ಈ ಭಿನ್ನರಾಶಿ ಬಂದಿತೆಂದು ಓದುವವರಿದ್ದಾರೆ. ಪಠ್ಯ ಇದಕ್ಕೆ ಆಸ್ಪದ ಕೊಡುವುದಿಲ್ಲ.

ಭಿನ್ನರಾಶಿ ಅಳೆಯುವುದು ಆಟಗಾರನ ಹಂತಕ್ಕೂ ಎದುರಾಳಿಯ ಹಂತಕ್ಕೂ ಇರುವ ಅಂತರವನ್ನು, ಭೇಟಿ ಎಷ್ಟನೆಯದೆಂಬುದನ್ನಲ್ಲ. ಏಳನೆಯ ಹಂತದವನು ಅದೇ ಟ್ರೋಲನ್ನು ಹತ್ತು ಸಲ ಕೊಂದರೂ ಕಡಿತವಿಲ್ಲ, ಪ್ರತಿ ಸಲವೂ 700. (ಒಂದು ಸಾಹಸಕ್ಕೆ ಒಂದು ಹಂತಕ್ಕಿಂತ ಹೆಚ್ಚು ಏರಿಸಬಾರದೆಂಬ ಸಲಹೆ ಅಲ್ಲಿದೆ, ನಿಜ, ಅದು ಏರುವ ವೇಗದ ಮಾತು. ಎರಡನ್ನೂ ಬೆರೆಸುವುದು ಓದಿನ ಆಲಸ್ಯವಷ್ಟೆ.)

ನಿಜವಾದ ತಡೆ ಚಿನ್ನದಲ್ಲಿದೆ. ನಿಧಿ ಒಮ್ಮೆ ಖಾಲಿಯಾದ ಮೇಲೆ ನಮ್ಮ ಮಾಂತ್ರಿಕನಿಗೆ ಎರಡನೆಯ ಭೇಟಿಯಲ್ಲಿ ಸಿಗುವುದು 700ರ ಎಂಟನೇ ಏಳು ಪಾಲು: 612.5. ಮೊದಲನೆಯದರ ಸರಿಯಾಗಿ ಹನ್ನೊಂದನೇ ಒಂದು ಪಾಲು. ನಿಯಮ ಬಾಯಿಬಿಟ್ಟು ನಿಷೇಧಿಸದಿದ್ದುದನ್ನು ಲೆಕ್ಕವೇ ನಿರರ್ಥಕ ಮಾಡುತ್ತದೆ.

ಉದಾಹರಣೆಗೆ ಆರಿಸಿದ ಪ್ರಾಣಿ ಟ್ರೋಲ್ ಎಂಬುದನ್ನು ಹಗುರವಾಗಿ ಕಾಣುವಂತಿಲ್ಲ. ಎರಡನೆಯ ಪುಸ್ತಿಕೆಯ ಪ್ರಕಾರ ಟ್ರೋಲ್ ತುಂಡುತುಂಡಾದರೂ ಮತ್ತೆ ಕೂಡಿಕೊಂಡು ಕಾದಾಟಕ್ಕೆ ನಿಲ್ಲುತ್ತದೆ. ಬೆಂಕಿ ಇಲ್ಲವೇ ಆಮ್ಲ ಮಾತ್ರ ಅದನ್ನು ಮುಗಿಸಬಲ್ಲದು. ಹಾಗಾದರೆ ಕಡಿದು ಹಾಕಿದಾಗಲೊಮ್ಮೆ, ಎದ್ದು ಬಂದಾಗ ಇನ್ನೊಮ್ಮೆ 700 ಕೊಡಬೇಕೆ? ಪುಸ್ತಿಕೆಗಳು ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನನ್ನ ನಿಲುವು ಇಷ್ಟು: ಅಂಕ ಕೊಲೆಗೆ ಸಲ್ಲುವುದಾದರೆ, ಸುಡದ ಟ್ರೋಲ್ ಸತ್ತಿಲ್ಲ, ಸಾಯದ್ದಕ್ಕೆ ಅಂಕವಿಲ್ಲ. ಎರಡೂ ಪುಸ್ತಿಕೆಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಬೇರೆ ದಾರಿ ಕಾಣದು.

ಅದೇ ಆಟದ 1975ರ ‘ಗ್ರೇಹಾಕ್’ ಅನುಬಂಧ, ತಡೆ ಚಿನ್ನದಲ್ಲಿದೆ ಎಂಬ ಓದಿಗೆ ಪರೋಕ್ಷ ಬೆಂಬಲ ಕೊಡುತ್ತದೆ. ಅಲ್ಲಿ ಅತಿ ಕೆಳಹಂತದ ಪ್ರಾಣಿಯ ಬೆಲೆ 100ರಿಂದ 10ಕ್ಕೆ ಇಳಿಯಿತು. ಚಿನ್ನವಿಲ್ಲದ ಕೊಲೆ ಅಗ್ಗವಾಯಿತು. ಆಗಲೂ ಭೇಟಿಗಳನ್ನು ಯಾರೂ ಎಣಿಸಲಿಲ್ಲ. ಪುನರಾವರ್ತನೆಗೇ ನೇರವಾಗಿ ಕೈಹಾಕಿದ ನಿಯಮ ಬೇಕಿದ್ದರೆ ‘ರೂನ್‌ಕ್ವೆಸ್ಟ್’ (1978) ಎಂಬ ಇನ್ನೊಂದು ಆಟವನ್ನು ನೋಡಬೇಕು. ಅಲ್ಲಿ ಒಂದು ಸಾಹಸದಲ್ಲಿ ಕತ್ತಿವರಸೆ ಎಷ್ಟು ಸಲ ಫಲಿಸಿದರೂ ಆ ಕೌಶಲದ ಮುಂದೆ ಬೀಳುವ ಗುರುತು ಒಂದೇ. ಸಾಹಸ ಮುಗಿದ ಮೇಲೆ ಕಲಿಕೆಯ ದಾಳ ಉರುಳುವುದೂ ಒಂದೇ ಸಲ. ಆ ಶಿಸ್ತನ್ನು 1974ರ ಭಿನ್ನರಾಶಿಯೊಳಗೆ ಹುಡುಕುವವರು ನಾಲ್ಕು ವರ್ಷ ಈಚಿನ ಆಟವೊಂದರ ವಿವೇಕವನ್ನು ಹಿಂದಿನ ಪುಟಕ್ಕೆ ಆರೋಪಿಸುತ್ತಿದ್ದಾರೆ.