ಕವಾಯತು ಬಯಲಿನಿಂದ ಪಡಸಾಲೆಗೆ: ನಾಯಿಯನ್ನು ತಿದ್ದುವ ವಿದ್ಯೆಯ ಒಂದು ಶತಮಾನ

ಮನೆಯೊಳಗೆ ಸಾಕಿದ ನಾಯಿ ಚಪ್ಪಲಿ ಕಚ್ಚಿ ಹರಿದರೆ, ನೆಲದ ಮೇಲೆ ಉಚ್ಚೆ ಹೊಯ್ದರೆ, ಬಂದವರ ಮೈಮೇಲೆ ಹಾರಿದರೆ ಅದನ್ನು ತಿದ್ದುವುದು ಹೇಗೆ ಎಂಬುದರ ಬಗ್ಗೆ ಇಪ್ಪತ್ತನೆಯ ಶತಮಾನದ ಯುರೋಪು ಮತ್ತು ಅಮೆರಿಕಗಳಲ್ಲಿ ಬೆಳೆದ ಬೋಧನೆಯಲ್ಲಿ ಬಹುಪಾಲು ಮನೆಯಲ್ಲಿ ಹುಟ್ಟಿದ್ದಲ್ಲ. ಅದು ಮೊದಲು ಪೊಲೀಸರ ಮತ್ತು ಸೈನಿಕರ ಕವಾಯತು ಬಯಲಿನಿಂದ, ಅನಂತರ ಮೃಗಾಲಯದ ಬೇಲಿಯೊಳಗಿನಿಂದ ಬಂದದ್ದು. ಅದರ ಬಹಳಷ್ಟು ಕ್ರೌರ್ಯಕ್ಕೂ ವೈಫಲ್ಯಕ್ಕೂ ಈ ಹುಟ್ಟೇ ಕಾರಣ.

ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1906ರಲ್ಲಿ ಸಾರ್‌ಬ್ರೂಕೆನ್‌ನಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸತೊಡಗಿ, 1910ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದನು. ನಾಯಿಗೆ ಮನುಷ್ಯರ ನೀತಿ ತಿಳಿಯುವುದಿಲ್ಲ, ಒಂದು ಕೆಲಸದ ಬೆನ್ನಿಗೇ ಸಿಗುವ ಹಿತ ಅಥವಾ ಅಹಿತ ಮಾತ್ರ ಅದರ ಮನಸ್ಸಿಗೆ ನಾಟುತ್ತದೆ ಎಂಬ ಅವನ ತಿಳಿವಳಿಕೆ ಕಾಲಕ್ಕಿಂತ ಮುಂದಿತ್ತು. ಆದರೆ ಅವನು ಹೆಚ್ಚಾಗಿ ನೆಚ್ಚಿದ ಸಾಧನಗಳು ಬೆತ್ತ ಮತ್ತು ಮುಳ್ಳಿನ ಕತ್ತುಪಟ್ಟಿ. ಎರಡು ಮಹಾಯುದ್ಧಗಳಲ್ಲಿ ಸೇನೆಯ ನಾಯಿಗಳನ್ನು ಪಳಗಿಸಿದವರು ಮನೆಮಂದಿಗೆ ಗುರುಗಳಾದಾಗ ಈ ಸಾಧನಗಳೂ ಅವರೊಂದಿಗೆ ಬಂದವು. ಅಮೆರಿಕದ ವಿಲಿಯಂ ಕೋಲರ್ 1962ರಲ್ಲಿ ಬರೆದ, ಅಪಾರವಾಗಿ ಮಾರಾಟವಾದ ಕೈಪಿಡಿಯು ಅಂಗಳದಲ್ಲಿ ಗುಂಡಿ ತೋಡುವ ನಾಯಿಗೆ ಸೂಚಿಸಿದ ಮದ್ದೆಂದರೆ ಆ ಗುಂಡಿಗೆ ನೀರು ತುಂಬಿ ನಾಯಿಯ ತಲೆಯನ್ನು ಅದರಲ್ಲಿ ಅದ್ದುವುದು.

ತೋಳದ ಸಿದ್ಧಾಂತ ಇದಕ್ಕಿಂತಲೂ ಆಳವಾಗಿ ಬೇರೂರಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನವು, ಹಿಂಡಿನ ಮೇಲ್ಮೆಗಾಗಿ ಅವು ಸದಾ ಕಾದಾಡುತ್ತವೆ ಎಂಬ ಚಿತ್ರವನ್ನು ಕೊಟ್ಟಿತು. ಆ ಹಿಂಡಿನ ಅಗ್ರಜೋಡಿಯನ್ನು ಹೆಸರಿಸಲು ಬಳಕೆಗೆ ಬಂದ ಪದವೇ 'ಆಲ್ಫಾ'. ಅಮೆರಿಕದ ಜೀವವಿಜ್ಞಾನಿ ಡೇವಿಡ್ ಮೀಚ್‌ನ 1970ರ ಗ್ರಂಥ ಈ ಪದವನ್ನು ಜನಸಾಮಾನ್ಯರವರೆಗೆ ಒಯ್ದಿತು. ನಾಯಿ ತೋಳದ ವಂಶದ್ದಾದ್ದರಿಂದ ಅದು ಮನೆಯಲ್ಲಿ ಯಜಮಾನಿಕೆ ಕಸಿಯಲು ಹೊಂಚುತ್ತದೆ, ಸೋಫಾ ಏರುವುದೂ ಗುರುಗುಟ್ಟುವುದೂ ಬಂಡಾಯವೇ ಎಂಬ ನಂಬಿಕೆ ಹೀಗೆ ಬೆಳೆಯಿತು. ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರ ತಮ್ಮ ಪುಸ್ತಕದಲ್ಲಿ, ನಾಯಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯುವ ಶಿಕ್ಷೆಯನ್ನು ಹೇಳಿಕೊಟ್ಟರು.

ಒಂದಕ್ಕೊಂದು ಸಂಬಂಧವಿಲ್ಲದ ಪ್ರಾಣಿಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದಾಗ ಕಂಡ ಜಗಳವನ್ನು ಇಡೀ ಜಾತಿಯ ಸ್ವಭಾವವೆಂದು ಭಾವಿಸಿದ್ದೇ ಇಲ್ಲಿನ ಮೂಲದೋಷ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಅನೇಕ ಬೇಸಿಗೆಗಳನ್ನು ಕಾಡು ತೋಳಗಳ ನಡುವೆ ಕಳೆದ ಮೀಚ್, 1999ರ ಪ್ರಬಂಧದಲ್ಲಿ ತನ್ನ ಹಿಂದಿನ ಮಾತನ್ನು ತಾನೇ ತಿದ್ದಿದನು: ಸಹಜವಾದ ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಮರಿಗಳ ಕುಟುಂಬ, ಅಲ್ಲಿನ 'ಆಲ್ಫಾ' ಎಂದರೆ ಹೆತ್ತವರು. ಸನ್ಯಾಸಿಗಳೂ ತಮ್ಮ ಪುಸ್ತಕದ 2002ರ ಆವೃತ್ತಿಯಲ್ಲಿ ಕೆಡವುವ ವಿಧಾನವನ್ನು ಕೈಬಿಟ್ಟರು. ತಪ್ಪನ್ನು ಹೀಗೆ ಬಹಿರಂಗವಾಗಿ ಒಪ್ಪಿಕೊಂಡ ಈ ಎರಡು ನಿದರ್ಶನಗಳು ನಾಯಿಯ ಚರಿತ್ರೆಯಲ್ಲಿ ಗೌರವಕ್ಕೆ ಅರ್ಹವಾದವು.

ಇನ್ನೊಂದು ಧಾರೆ ಪ್ರಯೋಗಾಲಯದಿಂದ ಹರಿದು ಬಂದಿತ್ತು. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲಿ, ಮಕ್ಕಳ ಟಿಕ್‌ಟಿಕ್ ಆಟಿಕೆಯ ಸದ್ದು ಮತ್ತು ತುಸು ತಿನಿಸಿನಿಂದಲೇ ನಾಯಿಗೆ ಕಲಿಸಬಹುದೆಂದು ಬರೆದನು. ಫಲ ಸಿಕ್ಕ ನಡೆ ಮರುಕಳಿಸುತ್ತದೆ ಎಂಬ ಈ ತತ್ತ್ವಕ್ಕೆ ಪುನರ್ಬಲನ ಎಂದು ಹೆಸರು. ಇದನ್ನು ಮನೆಗೆ ತಂದವರಲ್ಲಿ ಪಶುವೈದ್ಯ ಇಯಾನ್ ಡನ್‌ಬಾರ್ ಮುಖ್ಯ. ಆತ 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮರಿಗಳಿಗೆ ಹಗ್ಗ ಬಿಚ್ಚಿದ ತರಗತಿಗಳನ್ನು ತೆರೆದನು. ಅಲ್ಲಿಂದ ಪ್ರಶ್ನೆಯೇ ಬದಲಾಯಿತು: ನಾಯಿ ಯಾರನ್ನು ಮೀರಿತು ಎಂಬುದರ ಬದಲು, ಈ ನಡೆಯಿಂದ ಅದಕ್ಕೆ ಏನು ಸಿಗುತ್ತಿದೆ ಎಂದು ಕೇಳುವುದು ರೂಢಿಯಾಯಿತು. ಹಾರುವ ನಾಯಿಯನ್ನು ಕೈಯಿಂದ ತಳ್ಳಿ ಗದರುವುದೂ ಅದು ಬಯಸಿದ ಗಮನವೇ ಆಗಿರಬಹುದಾದ್ದರಿಂದ, ಮುಖ ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲಕ್ಕೂರಿದ ಕ್ಷಣದಲ್ಲೇ ಮಾತನಾಡಿಸುವುದು ಹೆಚ್ಚು ಫಲಕಾರಿ. ಆದರೆ ಫಲ ನಿಂತ ಮೊದಲ ದಿನಗಳಲ್ಲಿ ಹಳೆಯ ಚಾಳಿ ತಗ್ಗುವ ಮುನ್ನ ಕೆಲಕಾಲ ಹೆಚ್ಚಾಗುವುದುಂಟು. ಉಪಾಯ ಸೋತಿತೆಂದು ಅನೇಕರು ಮತ್ತೆ ಬೆತ್ತ ಹಿಡಿಯುವುದು ಈ ಹಂತದಲ್ಲೇ.

ಅಮೆರಿಕದಲ್ಲಿ 140 ಸಾಕುವವರನ್ನು ಪ್ರಶ್ನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು, ಹೊಡೆದು ಒದ್ದು ತಿದ್ದಲು ಹೋದವರಲ್ಲಿ ಶೇ. 43ರಷ್ಟು ಮಂದಿಗೂ ಅಂಗಾತ ಕೆಡವಿದವರಲ್ಲಿ ಶೇ. 31ರಷ್ಟು ಮಂದಿಗೂ ನಾಯಿ ತಿರುಗಿಬಿದ್ದಿತೆಂದು ದಾಖಲಿಸಿತು. ಪ್ರಾಣಿಗಳ ನಡವಳಿಕೆಯನ್ನು ಅಭ್ಯಸಿಸುವ ಅಲ್ಲಿನ ಪಶುವೈದ್ಯರ ಸಂಘ 2021ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನ ಆಧಾರಿತ ಕಲಿಕೆಯನ್ನೇ ಬಳಸಬೇಕೆಂದು ಘೋಷಿಸಿತು.